ಗೋಡೆಯ ಮೇಲಿನ ನಿಮಿಷಗಳು

"ಇನ್ನೊಂದು ತೂತು ಬಿಗಿ ಹಾಕ್ಕೋ. ಸಡಿಲ ಇದ್ರೆ ಎದೆಬಡಿತ ತಪ್ಪು ತೋರಿಸುತ್ತೆ."

ತಂಗಿ ಬಾಗಿಲ ಬಳಿ ಒಂಟಿ ಕಾಲಲ್ಲಿ ನಿಂತು ಶೂ ಲೇಸು ಕಟ್ಟುತ್ತಿದ್ದಳು. ಅವಳ ಮಣಿಕಟ್ಟಿನಲ್ಲಿ ಅಕ್ಕನ ವಾಚಿತ್ತು. "ಇಡೀ ವಾಚೇ ತಪ್ಪು ಕೈಯಲ್ಲಿದೆ, ಇನ್ನು ತೂತಿನದ್ದೇನು," ಎಂದಳು. "ಇವತ್ತು ನೀನು ಎಷ್ಟು ಓಡಿದೀಯ? ಮೊದಲೇ ಹೇಳ್ಬಿಡು."

"ಐದು."

"ಐದು ಕಿಲೋಮೀಟರ್ ಓಡಿ ಸುಸ್ತಾಗಿರ್ತೀಯ. ಹೋಗಿ ಮಲಕ್ಕೋ."

ಬಾಗಿಲು ಹಾಕಿಕೊಂಡಿತು. ಅಕ್ಕ ಮಂಚದ ಮೇಲೆ ಬಲಮಗ್ಗುಲಾಗಿ ಮಲಗಿದಳು. ಎಡಕ್ಕೆ ಹೊರಳಿದರೆ ದಿಂಬಿನೊಳಗಿಂದ ಎದೆ ಬಡಿಯುವುದು ಕೇಳಿಸುತ್ತದೆ, ಕೇಳಿಸಿದರೆ ಎಣಿಸಬೇಕೆನಿಸುತ್ತದೆ. ಎಂಟು ತಿಂಗಳಿಂದ ಅವಳು ಎಡಕ್ಕೆ ಹೊರಳಿರಲಿಲ್ಲ.

ಜ್ವರ ಬಿಟ್ಟ ನಾಲ್ಕನೇ ದಿನವೇ ಓಡಲು ಹೋಗಿದ್ದು ಅವಳದೇ ತಪ್ಪು. ಕಾಲುವೆ ದಾರಿಯ ಮೊದಲ ಮೋರಿಯ ಹತ್ತಿರ ಎದೆಯೊಳಗೆ ಏನೋ ಮಗುಚಿ ಬಿದ್ದಂತಾಗಿತ್ತು. ಕಣ್ಣು ಬಿಟ್ಟಾಗ ಕೆನ್ನೆಗೆ ಮಣ್ಣು ಮೆತ್ತಿತ್ತು, ಯಾರದೋ ಚಪ್ಪಲಿಗಳು ಕಂಡವು. ಹೃದಯದ ಸ್ನಾಯು ಊದಿಕೊಂಡಿದೆ ಎಂದರು. ಐದು ತಿಂಗಳ ಮಾತ್ರೆ, ಮೂರು ಸಲ ಪರೀಕ್ಷೆ, ಕೊನೆಗೆ "ಪೂರ್ತಿ ವಾಸಿಯಾಗಿದೆ, ನಿಧಾನವಾಗಿ ಓಡಲು ಶುರು ಮಾಡಬಹುದು" ಎಂಬ ಚೀಟಿ. ಆ ಚೀಟಿ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಮುದ್ರಣಾಲಯದಲ್ಲಿ ದಿನವಿಡೀ ಕರಡು ತಿದ್ದುವ ಅವಳಿಗೆ ಆ ಒಂದು ಸಾಲಿನಲ್ಲೇ ಎಲ್ಲೋ ತಪ್ಪು ಉಳಿದುಹೋಗಿದೆ ಎಂದು ಅನುಮಾನ. ಗೇಟು ದಾಟಿ ಐವತ್ತು ಹೆಜ್ಜೆ ಓಡಿದರೆ ಸಾಕು, ಗಂಟಲಿನಲ್ಲಿ ನಾಡಿ ಹೊಡೆದುಕೊಳ್ಳುತ್ತಿತ್ತು. ಅವಳು ತಿರುಗಿ ಬರುತ್ತಿದ್ದಳು.

ಸುಳ್ಳು ತಾನಾಗಿ ಶುರುವಾಗಿತ್ತು. ಒಂದು ದಿನ ತಂಗಿ ವಾಲಿಬಾಲ್ ಅಭ್ಯಾಸಕ್ಕೆಂದು ವಾಚು ಕಟ್ಟಿಕೊಂಡು ಹೋಗಿ ಎರಡು ಕಿಲೋಮೀಟರ್ ಓಡಿಬಂದಳು. ಓಟ ಮುಗಿದೊಡನೆ ದೂರ, ಸಮಯ, ಎದೆಬಡಿತ ಎಲ್ಲವನ್ನೂ ವಾಚು 'ಮೆಲ್ಲಗೆ ಓಡುವವರು' ಎಂಬ ಫೋನಿನ ಗುಂಪಿಗೆ ಕಳಿಸಿಬಿಟ್ಟಿತು. ಐದೇ ನಿಮಿಷದಲ್ಲಿ ಇಪ್ಪತ್ತು ಜನ ಚಪ್ಪಾಳೆ ತಟ್ಟಿದ್ದರು. "ಜಿಂಕೆ ವಾಪಸ್ ಬಂದ್ಲು," ಎಂದು ಮೊದಲು ಬರೆದವರು ಟೈಲರ್ ಮಾವ. ಅದು ನಾನಲ್ಲ ಎಂದು ಹೇಳಲು ಅವಳು ಬೆರಳೆತ್ತಿದಳು. ಹೇಳಲಿಲ್ಲ. ಮುಂದಿನ ವಾರ ತಾನೇ ತಂಗಿಗೆ ವಾಚು ಕೊಟ್ಟಳು. ಆರು ವಾರಗಳಿಂದ ಹಾಗೇ ನಡೆದಿತ್ತು.

ಶನಿವಾರ ಸಂಜೆ, ಚಿಕ್ಕದು ಮಾಡಿಸಲು ಕೊಟ್ಟಿದ್ದ ಕುರ್ತಾ ತರಲು ಅವಳು ಟೈಲರ್ ಮಾವನ ಅಂಗಡಿಗೆ ಹೋದಳು. ಸಂಬಂಧದಲ್ಲಿ ಅವರು ಮಾವನೇನಲ್ಲ, ಗುಂಪಿನವರೆಲ್ಲ ಹಾಗೇ ಕರೆಯುತ್ತಿದ್ದರು. ಐದು ತಿಂಗಳ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ "ನಮ್ಮಿಬ್ಬರದೂ ರಿಪೇರಿ ಗಾಡಿ" ಎನ್ನುವುದು ಅವರ ಮಾತು.

"ಬಾ ಜಿಂಕೆ, ನಿಂಗೇ ತೋರಿಸಬೇಕು ಅಂತಿದ್ದೆ." ಅವರು ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನು ಸರಿಸಿದರು. ಮೇಜಿನ ಅಂಚಿನುದ್ದಕ್ಕೂ ನೀಲಿ ಸೀಮೆಸುಣ್ಣದಲ್ಲಿ ಅಂಕಿಗಳಿದ್ದವು. ಅವಳ ಆರು ವಾರಗಳು. ಪ್ರತಿಯೊಂದರ ಕೆಳಗೂ ಅವರದ್ದು. "ನೋಡು, ಬರೀ ಹತ್ತು ಹದಿನೈದು ಸೆಕೆಂಡು ಹಿಂದೆ ಇದೀನಿ. ಕಾಲುವೆ ದಾರೀಲೂ ಗುರುತು ಹಾಕಿದೀನಿ, ಒಂದೊಂದು ಕಿಲೋಮೀಟರಿಗೂ ನಿನ್ನ ಟೈಮು. ನನ್ನ ಹತ್ರ ನಿನ್ನ ಥರದ ವಾಚಿಲ್ವಲ್ಲಮ್ಮ."

"ಡಾಕ್ಟರು ಏನಂದ್ರು ಮಾವ?"

"ಡಾಕ್ಟರು ನಡೀರಿ ಅಂತಾರೆ. ಅವರು ಯಾವತ್ತು ಓಡು ಅಂದಾರು? ನಾಳೆ ಐದು ಓಡ್ತೀನಿ. ಗುರುವಾರ ನೀನು ಓಡಿದ್ಯಲ್ಲ." ಅವರು ಇಂಚು ಟೇಪನ್ನು ಬೆರಳಿಗೆ ಸುತ್ತಿಕೊಂಡರು, ದನಿ ತಗ್ಗಿಸಿದರು. "ನಮ್ಮನೇಲಿ ಹೇಳಬೇಡ. ಮೂರನೇ ಗುರುತಿನ ಹತ್ರ ಬಂದಾಗ ಇಲ್ಲೊಂದು ಸೂಜಿ ಸಿಕ್ಕಿಸಿದ ಹಾಗಾಗುತ್ತೆ. ನಿಲ್ಲಣ ಅನ್ಸುತ್ತೆ. ಆಗ ನಿನ್ನ ಟೈಮ್ ನೋಡ್ತೀನಿ. ಆ ಹುಡುಗಿ ಕೈಲಾಗಿದೆ, ನಂಗೇನು ಧಾಡಿ ಅಂತ ಓಡ್ತೀನಿ."

"ನಿಲ್ಲಿಸಬೇಕು ಮಾವ. ಹಾಗಾದ್ರೆ ನಿಲ್ಲಿಸಲೇಬೇಕು."

"ನೀನು ನಿಲ್ಲಿಸಿದ್ಯಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಬಟ್ಟೆ ಹಿಡಿದು ತಾಯಿ ಮಗಳು ಒಳಗೆ ಬಂದರು. ಮಾವ ಟೇಪು ಬಿಡಿಸಿ ಅವರತ್ತ ತಿರುಗಿದರು. ಅವಳು ಕುರ್ತಾದ ಪೊಟ್ಟಣವನ್ನು ಎದೆಗವಚಿಕೊಂಡು ಹೊರಗೆ ಬಂದುಬಿಟ್ಟಳು. ಮನೆಯಲ್ಲಿ ಗುಂಪಿಗೆ ಮೂರು ಸಲ ಬರೆದಳು, ಮೂರು ಸಲ ಅಳಿಸಿದಳು. ಬೆಳಿಗ್ಗೆ ಆರೂವರೆಗೆ ಅವರು ಹೊರಡುವುದು. ಅದಕ್ಕೆ ಮೊದಲೇ ಕಾಲುವೆ ದಾರಿ ಶುರುವಾಗುವ ಸೇತುವೆಯ ಬಳಿ ನಿಂತು ಮುಖಕ್ಕೆ ಮುಖ ಕೊಟ್ಟೇ ಹೇಳುವುದೆಂದು ತೀರ್ಮಾನಿಸಿದಳು.

ಆರು ಗಂಟೆಗೆ ಅವಳು ಮುಖ ತೊಳೆಯುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. "ಬಿಸಿಲಿಗೆ ಮುಂಚೆ ಹೊರಟೆ. ಐದು. ಜಿಂಕೆಗೆ ಇವತ್ತು ಸೋಲು."

ಫೋನು ಮಾಡಿದಳು. ಎತ್ತಲಿಲ್ಲ. ಓಡುವಾಗ ಅವರು ಫೋನನ್ನು ತಾವೇ ಹೊಲಿದ ಸೊಂಟದ ಚೀಲದಲ್ಲಿ ಇಟ್ಟುಬಿಡುತ್ತಾರೆ. ತಂಗಿ ಪಂದ್ಯಕ್ಕೆಂದು ಹಿಂದಿನ ದಿನವೇ ತಂಡದ ಜೊತೆ ಬೇರೆ ಊರಿಗೆ ಹೋಗಿದ್ದಳು. ಕಾಲುವೆ ದಾರಿಗೆ ಗಾಡಿ ಹೋಗದಂತೆ ಕಂಬ ನೆಟ್ಟಿದ್ದರು. ಕಪಾಟಿನ ಮೇಲೆ ವಾಚಿತ್ತು. ಎದೆಬಡಿತ ನೂರ ಅರವತ್ತು ದಾಟಿದರೆ ಅದು ಕೂಗುತ್ತದೆ. ಆ ಕೂಗಿಗೆ ಹೆದರುತ್ತಲೇ, ಅದಿಲ್ಲದೆ ಹೋಗಲು ಇನ್ನೂ ಹೆದರಿ, ಅವಳು ವಾಚು ಕಟ್ಟಿಕೊಂಡಳು. ತಂಗಿಯ ತೂತಿನಲ್ಲಿ ಪಟ್ಟಿ ಸಡಿಲವಾಗಿ ಜಾರಿತು.

ಸೇತುವೆಯಿಂದ ನೋಡಿದರೆ ದಾರಿ ಖಾಲಿ. ಅವಳು ಬಿರುಸಾಗಿ ನಡೆದಳು, ಆಮೇಲೆ ಓಡಿದಳು. ನೂರಹತ್ತು. ನೂರಮೂವತ್ತು. ಬಾಯಿ ಒಣಗಿತು. ಇಷ್ಟೇ, ಇಲ್ಲೇ ಎಂದು ದೇಹ ಹೇಳುತ್ತಿತ್ತು. ಮೊದಲ ಮೋರಿ ಬಂತು. ಅದರ ಕಟ್ಟೆಯ ಮೇಲೆ ನೀಲಿ ಅಕ್ಷರ: "1. ಜಿಂಕೆ 6.40." ಎಂಟು ತಿಂಗಳ ಹಿಂದೆ ಅವಳ ಕೆನ್ನೆ ತಾಗಿದ್ದ ಮಣ್ಣು ಅದರ ಬುಡದಲ್ಲೇ ಇತ್ತು. ವಾಚು ಕೀಚ್ ಎಂದಿತು. ಅವಳು ನಿಂತಳು, ಬಗ್ಗಿದಳು, ಕತ್ತಿನ ಮೇಲೆ ಎರಡು ಬೆರಳಿಟ್ಟಳು. ಈಗ ಮಗುಚುತ್ತದೆ, ಈಗ. ಮಗುಚಲಿಲ್ಲ. ಬಡಿಯುತ್ತಲೇ ಇತ್ತು. ಅವಳು ನಡೆದಳು, ನೂರು ಹೆಜ್ಜೆ ಎಣಿಸಿ ಮತ್ತೆ ಓಡಿದಳು.

ನೀರಿನ ಟ್ಯಾಂಕಿನ ಕಂಬದ ಮೇಲೆ "2. ಜಿಂಕೆ 13.20." ಅಲ್ಲೂ ಅವರಿಲ್ಲ. ವಾಚು ಇನ್ನೆರಡು ಸಲ ಕೂಗಿತು. ಹೆದರಿಕೆ ಎರಡು ಕಡೆಯಿಂದ ಎಳೆಯುತ್ತಿತ್ತು, ತಾನು ಬೀಳುವುದು ಒಂದು, ಅವರು ಬಿದ್ದಿರುವುದು ಇನ್ನೊಂದು. ಎರಡನೆಯದು ಕೊಂಚ ಮುಂದಿತ್ತು, ಅದರ ಹಿಂದೆಯೇ ಅವಳು ಓಡಿದಳು.

ಕಾಲುವೆ ದಾರಿ ದೊಡ್ಡ ರಸ್ತೆಗೆ ಸೇರುವ ಕಡೆ ಹಳೇ ಗೋದಾಮಿನ ಉದ್ದ ಗೋಡೆ. ಅದಕ್ಕೊರಗಿ ಟೈಲರ್ ಮಾವ ಕಾಲು ಚಾಚಿ ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು.

"ಮಾವ, ಮಾತ್ರೆ?"

ಅವರು ಸೊಂಟದ ಚೀಲವನ್ನು ಕಣ್ಣಿನಲ್ಲೇ ತೋರಿಸಿದರು. ಅವಳು ಮಾತ್ರೆಯನ್ನು ಅವರ ನಾಲಿಗೆಯಡಿ ಇಟ್ಟಳು. ಆಂಬುಲೆನ್ಸಿಗೆ ಮಾಡಿದಳು, ಅವರ ಹೆಂಡತಿಗೆ ಮಾಡಿದಳು. ಅವರ ಬೀದಿ ದಾಟಿಯೇ ಗಾಡಿ ಬರಬೇಕು, ಹತ್ತಿಕೊಂಡೇ ಬರುತ್ತೇನೆ ಎಂದರು ಆಕೆ. ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಅವಳು ಅವರ ಪಕ್ಕ ನೆಲದ ಮೇಲೆ ಕೂತಳು.

"ನಾನು ಓಡೇ ಇಲ್ಲ ಮಾವ. ಒಂದು ದಿನಾನೂ ಓಡಿಲ್ಲ. ನನ್ನ ತಂಗಿ ಓಡಿದ್ದು. ನಂಗೆ ಭಯ."

ಅವರ ಉಸಿರು ತುಂಡು ತುಂಡಾಗಿ ಬರುತ್ತಿತ್ತು. "ಅವಳಿಗೆ ಎಷ್ಟು ವಯಸ್ಸು?"

"ಹತ್ತೊಂಬತ್ತು."

"ಹತ್ತೊಂಬತ್ತರ ಹುಡುಗಿ ಅಳತೆಗೆ," ಎಂದು ಅವರು ಕಣ್ಣು ಮುಚ್ಚಿದರು, "ಐವತ್ತಾರರ ಬಟ್ಟೆ ಕತ್ತರಿಸಿದ್ನಲ್ಲಮ್ಮ." ನಗಲು ಹೋದರು, ಆಗಲಿಲ್ಲ. ಆಮೇಲೆ ಬೇರೆಯೇ ದನಿಯಲ್ಲಿ, "ಹೇಳಬೇಕಿತ್ತು ನೀನು. ನಿನ್ನೆ ಕೇಳಿದ್ನಲ್ಲ."

"ಹ್ಞೂಂ."

"ನಂಗೂ ಭಯ. ದಿನಾ ಭಯ. ನೀನೊಬ್ಬಳು ಹೆದರಿಲ್ಲ ಅಂದ್ಕೊಂಡಿದ್ದೆ."

ಅವಳು ಅವರ ಮಣಿಕಟ್ಟು ಹಿಡಿದು ಎಣಿಸುತ್ತಾ ಕೂತಳು. ಅವರ ನಾಡಿ ಎಲ್ಲಿ, ತನ್ನ ಬೆರಳಿನದೇ ಬಡಿತ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ.

ಆಂಬುಲೆನ್ಸ್ ಬಂದಾಗ ಮಾತ್ರೆ ಕರಗಿತ್ತು. ಹೆಂಡತಿ ಒಂದು ಕಾಲಿಗೆ ಒಂದು ಜೊತೆಯ ಚಪ್ಪಲಿ, ಇನ್ನೊಂದಕ್ಕೆ ಬೇರೆ ಜೊತೆಯದು ಹಾಕಿಕೊಂಡು ಇಳಿದು, ಏನೂ ಕೇಳದೆ ಗಂಡನ ತಲೆ ಸವರಿದರು. ಸ್ಟ್ರೆಚರಿನ ಮೇಲೆ ಮಲಗಿಸಿ ಎತ್ತುವಾಗ ಮಾವ ಅವಳತ್ತ ಮುಖ ತಿರುಗಿಸಿದರು.

"ಇಲ್ಲಿಗೆ ಎಷ್ಟು ಹೊತ್ತಲ್ಲಿ ಬಂದೆ?"

ಓಟ ನಿಲ್ಲಿಸಿದ ಗುರುತನ್ನು ವಾಚಿನಲ್ಲಿ ಹುಡುಕಿದಳು. "ಇಪ್ಪತ್ತೊಂಬತ್ತು ನಿಮಿಷ. ನಡೆದಿದ್ದೂ ಸೇರಿ."

"ಸುಳ್ಳಲ್ವಲ್ಲ?"

"ಅಲ್ಲ ಮಾವ."

ಅವರು ಬಲಗೈ ಮುಷ್ಟಿ ಬಿಡಿಸಿದರು. ಅಷ್ಟು ಹೊತ್ತೂ ಹಿಡಿದಿದ್ದ ನೀಲಿ ಸೀಮೆಸುಣ್ಣದ ಬಿಲ್ಲೆ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಅವಳ ಕೈಗೆ ಹಾಕಿದರು. "ಆಸ್ಪತ್ರೆಗೆ ಆಮೇಲೆ ಬನ್ನಿ. ಒಳಗೆ ಇಬ್ಬರಿಗೇ ಜಾಗ," ಎಂದರು ಆಂಬುಲೆನ್ಸಿನವರು. ಬಾಗಿಲು ಮುಚ್ಚಿತು.

ಗಾಡಿಯ ಸದ್ದು ದೂರವಾದ ಮೇಲೆ ಅವಳು ಗೋಡೆಗೆ ತಿರುಗಿದಳು. ಅವರ ಬೆನ್ನು ಒರಗಿದ್ದ ಜಾಗದ ಮೇಲೆ "3. ಜಿಂಕೆ 20.10" ಎಂದಿತ್ತು. ಅದರ ಕೆಳಗೆ ಸೀಮೆಸುಣ್ಣ ಇಟ್ಟು ತನ್ನ ಇಪ್ಪತ್ತೊಂಬತ್ತನ್ನು ಗೀಚಿದಳು. ಇಬ್ಬನಿಗೆ ನೆನೆದ ಗೋಡೆಯ ಮೇಲೆ ಏನೂ ಮೂಡಲಿಲ್ಲ. ತೋಳಿನಿಂದ ಒರೆಸಿದಳು, ಮತ್ತೆ ಗೀಚಿದಳು. ಬಿಸಿಲು ಗೋಡೆಯ ನೆತ್ತಿಗಷ್ಟೇ ತಲುಪಿತ್ತು, ಇಟ್ಟಿಗೆ ಇಟ್ಟಿಗೆಯಾಗಿ ಕೆಳಗಿಳಿಯುತ್ತಿತ್ತು. ಸಡಿಲವಾಗಿದ್ದ ವಾಚು ಇನ್ನೊಮ್ಮೆ ಕೀಚ್ ಎಂದಿತು. ಅವಳು ಒಂದು ಕೈಯಲ್ಲಿ ಬಿಲ್ಲೆ ಹಿಡಿದು, ಇನ್ನೊಂದನ್ನು ಎದೆಯ ಎಡಕ್ಕೆ ಒತ್ತಿಕೊಂಡು, ಗೋಡೆ ಒಣಗುವುದನ್ನು ಕಾಯುತ್ತಾ ನಿಂತಳು.