ಮಗುವಿನ ಬಾಟಲಿಗೆ ಅಮ್ಮನ ಬಾವಿ ನೀರು

ನಮ್ಮ ಬೀದಿಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ತಿಂದದ್ದನ್ನು ಬೈಯುತ್ತೇವೆ, ಹವೆಯನ್ನು ಬೈಯುತ್ತೇವೆ, ಬಾವಿಯನ್ನು ಮಾತ್ರ ಬೈಯುವುದಿಲ್ಲ. ಅವರವರ ಬಾವಿ ಅವರವರಿಗೆ ಹೆಚ್ಚು. ನಾನು ಇದೇ ಬೀದಿಯ ಟೈಲರ್. ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಎದುರು ಮನೆಯ ಸುದ್ದಿ ತಾನಾಗಿಯೇ ನನ್ನ ಕಿವಿಗೆ ಬೀಳುತ್ತದೆ. ಕದ್ದು ಕೇಳಿದೆ ಎಂದು ಯಾರೂ ತಪ್ಪು ತಿಳಿಯಬೇಡಿ.

ಎದುರು ಮನೆಯಲ್ಲಿ ಇಬ್ಬರು ಅಕ್ಕತಂಗಿಯರು. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ತಂಗಿಯನ್ನು ಸಾಕಿದಳು, ಓದಿಸಿದಳು. ಈಗ ಅಕ್ಕನಿಗೆ ಒಂದು ಎಳೆಗೂಸು. ಎದೆಹಾಲು ಸಾಲದೆ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದಳು. ತಂಗಿಯನ್ನು ನಾವೆಲ್ಲ ಚಿಟ್ಟೆ ಎಂದು ಕರೆಯುವುದು. ಅವಳಿಗೆ ಕಾಲೇಜು ಮುಗಿದ ಕೂಡಲೇ ದೂರದ ಊರಿನಲ್ಲಿ ಮೊದಲ ಕೆಲಸ ಸಿಕ್ಕಿತು, ಪರಿಸರ ಸಲಹೆಗಾರ್ತಿಯಂತೆ. ನೀನು ಸಲಹೆ ಕೊಟ್ಟರೆ ಪರಿಸರ ಕೇಳುತ್ತದೆಯೇ ಎಂದು ನಾನು ರೇಗಿಸಿದ್ದೆ. ನೀರು, ಮಣ್ಣು, ಗಾಳಿ ಕೆಟ್ಟಿದೆಯೇ ಎಂದು ನೋಡುವುದು, ಕೆಟ್ಟಿದ್ದರೆ ಮುಂದೇನು ಮಾಡಬೇಕೆಂದು ಜನಕ್ಕೆ ಹೇಳುವುದು ತನ್ನ ಕೆಲಸ ಎಂದು ಅವಳು ಬಿಡಿಸಿ ಹೇಳಿದಳು. ಜನ ಕೇಳುವುದು ಇನ್ನೂ ಕಷ್ಟ ಎಂದೆ.

ಹೋದವಳಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಬಾಡಿಗೆ ಕೋಣೆ, ಒಂದು ಮಂಚ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕುಡಿಯಲು ಕ್ಯಾನ್ ನೀರು. ಫೋನ್ ಮಾಡಿದಾಗಲೆಲ್ಲ ಮೊದಲು ಮಗುವನ್ನು ವಿಚಾರಿಸುವಳು, ಆಮೇಲೆ ಬಾವಿಯನ್ನು. ಇಲ್ಲಿಯ ನೀರು ಎಷ್ಟು ಕುಡಿದರೂ ಬಾಯಾರಿಕೆ ತಣಿಯುವುದಿಲ್ಲ, ಮನೆಯದೇ ಬೇಕೆನಿಸುತ್ತದೆ ಎನ್ನುವಳು. ಅಕ್ಕನದೂ ಅದೇ ಕಥೆ. ರಾಟೆಯ ಹಗ್ಗ ಹಿಡಿದರೆ ಅಮ್ಮನ ಕೈ ಹಿಡಿದ ಹಾಗಾಗುತ್ತದೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿ ಅತ್ತುಬಿಟ್ಟಿದ್ದಳು.

ಹೀಗಿರುವಾಗ ನಮ್ಮ ಬೀದಿಯ ಬಾವಿಗಳನ್ನು ಪರೀಕ್ಷಿಸುವ ಕೆಲಸ ಚಿಟ್ಟೆಯ ಕಂಪನಿಗೇ ಬಂತು. ಹಿಂದುಗಡೆ ಸಾಲುಮನೆಗಳು ಎದ್ದು, ಅವುಗಳ ಶೌಚದ ಗುಂಡಿಗಳು ಬಾವಿಗಳ ಮಗ್ಗುಲಿಗೇ ಬಂದಿದ್ದವು. ತಂಗಿ ಬರುತ್ತಾಳೆಂದು ತಿಳಿದದ್ದೇ ತಡ, ಅಕ್ಕ ನಿಂತಲ್ಲಿ ನಿಲ್ಲಲಿಲ್ಲ. ಬಾವಿಕಟ್ಟೆ ಉಜ್ಜಿದಳು. ಗಂಡನ ಕೈಯಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಸುರಿಸಿದಳು. ಮೊದಲ ಕೆಲಸದಲ್ಲೇ ತಂಗಿಯ ಮನೆಯ ಬಾವಿ ಕೊಳಕು ಎಂದು ಯಾರೂ ಆಡಿಕೊಳ್ಳಬಾರದು ಎಂಬುದು ಅವಳ ಯೋಚನೆ.

ಚಿಟ್ಟೆ ತನ್ನ ಮೇಲಧಿಕಾರಿಯ ಜೊತೆ ಬಂದಳು. ಬಂದವಳು ಮಗುವನ್ನು ಎತ್ತಿ ಮುದ್ದಿಸುವ ಮೊದಲು ಅದರ ತುಟಿ ನೋಡಿದಳು, ಉಗುರು ನೋಡಿದಳು. ಅಕ್ಕ ಲೋಟ ತುಂಬ ನೀರು ತಂದು ಕೈಗಿತ್ತಳು. ಹುಡುಗಿ ಆಸೆಯಿಂದ ಬಾಯಿಯ ತನಕ ತಂದಳು, ಆದರೆ ಬ್ಲೀಚಿಂಗ್ ವಾಸನೆ ಬಡಿದು ಹಾಗೇ ಕೆಳಗಿಟ್ಟಳು. ಸ್ವಂತದವರ ಬಾವಿಯ ನೀರನ್ನು ತಾನೇ ಪರೀಕ್ಷೆಗೆ ತೆಗೆಯುವಂತಿಲ್ಲ ಎಂಬುದು ಅವರ ಆಫೀಸಿನ ನಿಯಮ. ಹಾಗಾಗಿ ಬಾಟಲಿ ತುಂಬಲು ಹೋಗಿದ್ದ ಮೇಲಧಿಕಾರಿಯೂ ಬರಿಗೈಯಲ್ಲಿ ವಾಪಸು ಬಂದರು. ಪುಡಿ ಹಾಕಿದ ನೀರಲ್ಲಿ ರೋಗಾಣು ಇತ್ತೋ ಇಲ್ಲವೋ ಈಗ ತಿಳಿಯುವುದಿಲ್ಲ, ಅದರ ಪ್ರಭಾವ ಹೋದ ಮೇಲೆ ಇನ್ನೊಮ್ಮೆ ಬರುತ್ತೇವೆ ಎಂದರು.

ಅಕ್ಕನ ಮುಖ ಸಣ್ಣದಾಯಿತು.

"ಅಮ್ಮ ಸೇದಿದ ಬಾವಿ ಇದು. ಇದರ ನೀರು ಕುಡಿಯೋಕೂ ನಿಂಗೀಗ ಸರ್ಟಿಫಿಕೇಟ್ ಬೇಕಾ?" ಎಂದಳು.

ಚಿಟ್ಟೆ ಮಗುವಿನ ಬಾಟಲಿಯನ್ನು ಕೈಗೆತ್ತಿಕೊಂಡಳು. ಮಗುವಿನ ಹಾಲಿಗೆ ಯಾವ ನೀರು ಹಾಕುತ್ತೀಯ ಎಂದು ಕೇಳಿದಳು. ಇದೇ ನೀರು, ಅದೂ ಕೊತಕೊತ ಕುದಿಸಿ, ಕಾಲು ಭಾಗ ಇಂಗಿಸಿ ಹಾಕುತ್ತೇನೆ ಎಂದು ಅಕ್ಕ ಹೆಮ್ಮೆಯಿಂದ ಹೇಳಿದಳು. ಹುಡುಗಿಗೆ ಜೀವವೇ ಬಾಯಿಗೆ ಬಂದಂತಾಯಿತು. ಅಕ್ಕನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. ಗುಂಡಿಯ ಹೊಲಸು ಮಣ್ಣಿಗಿಳಿದರೆ ಬಾವಿಗೆ ರೋಗಾಣುವಷ್ಟೇ ಅಲ್ಲ, ನೈಟ್ರೇಟ್ ಎಂಬ ಲವಣವೂ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಜಗ್ಗುವುದಿಲ್ಲ. ದೊಡ್ಡವರು ಹೇಗೋ ತಡೆದುಕೊಂಡೇವು, ಆದರೆ ಎಳೆಗೂಸಿನ ರಕ್ತದಲ್ಲಿ ಉಸಿರಿನ ಗಾಳಿ ಓಡಾಡುವುದನ್ನೇ ಅದು ತಡೆಯುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ, ಪ್ರಾಣಕ್ಕೂ ಸಂಚಕಾರ ಬರಬಹುದು.

ಅಕ್ಕ ಮಗುವನ್ನು ಎದೆಗವಚಿಕೊಂಡಳು. ಆದರೂ ಒಪ್ಪಲಿಲ್ಲ. ನಾವೆಲ್ಲ ಇದೇ ನೀರು ಕುಡಿದು ಬೆಳೆಯಲಿಲ್ಲವೇ, ನಾಲ್ಕು ದಿನದ ಕೆಲಸಕ್ಕೆ ಹೋಗಿ ಬಂದು ಅಮ್ಮನ ಬಾವಿಗೇ ಹೆಸರಿಡುತ್ತೀಯಾ ಎಂದಳು. ಆಗ ಚಿಟ್ಟೆಗೆ ಅಳು ತಡೆಯಲಾಗಲಿಲ್ಲ.

"ನಂಗೆ ಈ ನೀರು ಬೇಡ ಅಂತ ಅಂದ್ಕೊಂಡ್ಯಾ ಅಕ್ಕಾ? ಅಲ್ಲಿ ಒಬ್ಳೇ ಕೂತು ದಿನಾ ಇದನ್ನೇ ನೆನೆಸ್ಕೋತೀನಿ. ನನ್ನ ಆಸೆ ಹಾಗಿರ್ಲಿ. ಮಗೂಗೇನಾದ್ರೂ ಆದ್ರೆ ನಾನು ಓದಿದ್ದು ಯಾವ ಪುರುಷಾರ್ಥಕ್ಕೆ?"

ಅಕ್ಕ ಸೆರಗಿನಿಂದ ತಂಗಿಯ ಕಣ್ಣೊರೆಸಿದಳು. ಆಮೇಲೆ ಎದ್ದು ಮಗುವಿನ ಬಾಟಲಿಯಲ್ಲಿದ್ದ ಹಾಲನ್ನು ಚೆಲ್ಲಿದಳು. ಪರೀಕ್ಷೆಯ ಫಲಿತಾಂಶ ಬರುವ ತನಕ ಮಗುವಿಗೆ ಬೀದಿ ತುದಿಯ ನಲ್ಲಿ ನೀರು ಎಂದು ಮಾತಾಯಿತು. ಅದು ನೀರು ಸರಬರಾಜಿನವರು ಪರೀಕ್ಷಿಸಿ ಬಿಡುವ ನೀರು. ಅವತ್ತೇ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಸದ್ಯ ಏನೂ ಆಗಿಲ್ಲ, ಒಳ್ಳೆಯ ಸಮಯಕ್ಕೆ ನೀರು ಬದಲಿಸಿದಿರಿ ಎಂದು ಡಾಕ್ಟರು ಹೇಳಿದ ಮೇಲೆ ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಮುಂದಿನ ಸಲ ಅವರು ಬಂದಾಗ ಅಕ್ಕ ಬಾವಿಗೆ ಏನನ್ನೂ ಹಾಕಿರಲಿಲ್ಲ, ಕಟ್ಟೆಯನ್ನೂ ಉಜ್ಜಿರಲಿಲ್ಲ. ಬಾವಿ ಇದ್ದದ್ದು ಇದ್ದ ಹಾಗೇ ಇತ್ತು. ಮೇಲಧಿಕಾರಿ ನೀರು ತುಂಬಿಸಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಫಲಿತಾಂಶ ಹೇಳಲು ಮಾತ್ರ ಚಿಟ್ಟೆ ಫೋನಿಗೆ ಕೈಹಾಕಲಿಲ್ಲ, ತಾನೇ ಬಂದಳು. ರೋಗಾಣು ಇತ್ತು. ನೈಟ್ರೇಟ್ ಕೂಡ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಇತ್ತು. ಗುಂಡಿಗಳನ್ನು ದೂರಕ್ಕೆ ಸರಿಸಿ, ಮತ್ತೆ ಪರೀಕ್ಷೆ ಮಾಡುವ ತನಕ ಬಾವಿ ನೀರು ಬಟ್ಟೆಗೆ, ಗಿಡಕ್ಕೆ ಮಾತ್ರ. ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೋ ಅವಳಿಗೂ ಗೊತ್ತಿರಲಿಲ್ಲ.

"ಅಮ್ಮ ನಂಗೆ ಕುಡಿಸಿದ ನೀರು ನನ್ನ ಮಗೂಗೂ ಕುಡಿಸ್ಬೇಕು ಅಂತ ಒಂದೇ ಆಸೆ ಇತ್ತು ಕಣೇ," ಎಂದಳು ಅಕ್ಕ.

"ಅಮ್ಮ ಕುಡಿಸಿದ್ದು ಒಳ್ಳೇ ನೀರೇ ಅಕ್ಕಾ. ಆಗ ಆ ಗುಂಡಿಗಳು ಇರ್ಲಿಲ್ಲ. ಈಗ ಅಮ್ಮ ಇದ್ದಿದ್ರೆ ಮಗೂಗೆ ಬೇಡ ಅಂತ ಅವಳೇ ಅಂತಿದ್ಲು."

ಅಕ್ಕ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು. ಹೋಗುವಾಗ ನನ್ನ ಕಿಟಕಿಯ ಹತ್ತಿರ ನಿಂತು, ಇನ್ನಾದರೂ ನಿಮ್ಮ ಬಾವಿಯದೂ ಒಂದು ಬಾಟಲಿ ಪರೀಕ್ಷೆಗೆ ಕೊಟ್ಟುಬಿಡಿ, ಬ್ಲೀಚಿಂಗ್ ಮಾತ್ರ ಹಾಕಬೇಡಿ ಎಂದಳು. ಕಣ್ಣು ಇನ್ನೂ ಒದ್ದೆಯಾಗಿತ್ತು. ನಾನು ಯಂತ್ರ ನಿಲ್ಲಿಸಿ ಎದ್ದು, ಒಂದು ಬಾಟಲಿ ತುಂಬಿಸಿ ಕೊಟ್ಟೆ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಬಾವಿಯ ಮೇಲೂ ನಿಮಗೆ ಇಂಥದ್ದೇ ಮೋಹ ಇದ್ದೀತು. ಇರಲಿ, ಯಾರು ಬೇಡವೆಂದರು. ಆದರೆ ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂದು ನಂಬಿ ಕೂರಬೇಡಿ, ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಬಂದವರ ಮುಂದೆ ಬಾವಿಯನ್ನು ತೊಳೆದು ಸಿಂಗರಿಸಿ ನಿಲ್ಲಿಸಬೇಡಿ, ಇದ್ದ ನೀರನ್ನು ಇದ್ದ ಹಾಗೇ ಕೊಡಿ. ಮನೆಯಲ್ಲಿ ಪುಡಿ ಹಾಲು ಕುಡಿಯುವ ಕೂಸಿದ್ದರೆ ನಾಳೆ ನೋಡೋಣ ಎನ್ನಬೇಡಿ. ನಮ್ಮ ಅಮ್ಮಂದಿರು ನಮಗೆ ಒಳ್ಳೆಯ ನೀರು ಕುಡಿಸಿದರು. ನಮ್ಮ ಮಕ್ಕಳಿಗೂ ಒಳ್ಳೆಯ ನೀರನ್ನೇ ಕುಡಿಸೋಣ, ಅದು ಅಮ್ಮನ ಬಾವಿಯದಲ್ಲದಿದ್ದರೂ ಸರಿ.