ಮಗುವಿನ ಸಾಕ್ಷಿ

ಸ್ವೀಡನ್ನಿನ ಲಿಂಕೋಪಿಂಗ್ ಊರಿನ ಆ ಬಾಡಿಗೆ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಒಂದೇ ಅಡುಗೆಮನೆಯಲ್ಲಿ ಹೊಂದಿಕೊಂಡು ಬಾಳುತ್ತಿದ್ದವು. ಅಣ್ಣ ಯೋಗೀಶ, ಅವನ ಹೆಂಡತಿ ಪದ್ಮಿನಿ. ತಮ್ಮ ಸಂದೀಪ, ಅವನ ಹೆಂಡತಿ ನಳಿನಿ. ಇಬ್ಬರು ವಾರಗಿತ್ತಿಯರ ನಡುವೆ ಪದ್ಮಿನಿಯ ಮಗಳು, ನಾಲ್ಕು ವರ್ಷದ ಅಹನಾ. ನಳಿನಿಗೆ ಎರಡು ಬಾರಿ ಗರ್ಭ ಇಳಿದುಹೋಗಿತ್ತು. ಅಹನಾಳ ತಲೆ ಬಾಚುವುದು, ಡಾಗಿಸ್ ಎಂಬ ಶಿಶುವಿಹಾರಕ್ಕೆ ಬಿಟ್ಟುಬರುವುದು, ಮೊಸರನ್ನ ಕಲಸಿ ತುತ್ತಿಡುವುದು, ಇಷ್ಟರಲ್ಲೇ ಅವಳು ತನ್ನ ದುಃಖ ಮರೆತಿದ್ದಳು. ಮಗುವಿಗೂ ಊಟ ನಿದ್ದೆಗೆಲ್ಲ ಚಿಕ್ಕಿಯೇ ಬೇಕು.

ಈಸ್ಟರಿಗೆ ಮುಂಚಿನ ಗುರುವಾರ ಇಲ್ಲಿನ ಮಕ್ಕಳು ಮಾಟಗಾತಿಯ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ನಳಿನಿ ಮಗುವಿನ ತಲೆಗೆ ಬಟ್ಟೆ ಕಟ್ಟಿ, ಕೆನ್ನೆಗೆ ಕೆಂಪು ಬಳಿದು, ಮೂಗಿನ ಮೇಲೆ ಕಾಡಿಗೆಯ ಚುಕ್ಕೆ ಇಟ್ಟು, ಕೈಗೊಂದು ಪುಟ್ಟ ಪೊರಕೆ ಕೊಟ್ಟಳು. ಮೂರು ತಿಂಗಳ ವೀಸಾದಲ್ಲಿ ಬೆಂಗಳೂರಿನಿಂದ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಮಗುವಿಗೆ ಜ್ವರ ಏರಿ, ಕೈಕಾಲು ಸೆಟೆದು ಫಿಟ್ಸ್ ಬಂತು. ಜ್ವರದಲ್ಲಿ ಸಣ್ಣ ಮಕ್ಕಳಿಗೆ ಹೀಗಾಗುವುದುಂಟು, ಹೆದರಬೇಡಿ ಎಂದರು ಡಾಕ್ಟರು. ಅತ್ತೆಗೆ ಆ ಮಾತು ಹಿಡಿಸಲಿಲ್ಲ.

ಮಗು ಚೇತರಿಸಿಕೊಂಡ ಮೇಲೆ ಅವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುವುದು ನಳಿನಿಗೆ ಅಡುಗೆಮನೆಯಿಂದ ಕೇಳಿಸಿತು.

“ಚಿಕ್ಕಿ ಪೊರಕೆ ಕೊಟ್ಟು ಎಲ್ಲಿಗೆ ಕರ್ಕೊಂಡೋದ್ಲು ಪುಟ್ಟೀ?”

“ಬ್ಲೋಕುಲ್ಲಾ!” ಮಾಟಗಾತಿಯರು ಪೊರಕೆ ಏರಿ ಹಾರಿಹೋಗುವ ಜಾಗವದು, ಡಾಗಿಸ್‌ನಲ್ಲಿ ಹೇಳಿಕೊಟ್ಟ ಕಥೆ.

“ಹಾರ್ಕೊಂಡಾ? ಅಲ್ಲಿ ಏನು ತಿನ್ಸಿದ್ಲು?”

“ಗೋಡಿಸ್.”

ಗೋಡಿಸ್ ಎಂದರೆ ಸ್ವೀಡಿಷ್‌ನಲ್ಲಿ ಮಿಠಾಯಿ. ಅತ್ತೆಗೆ ಅದು ಯಾವುದೋ ಕೈಮದ್ದಿನ ಹೆಸರಾಗಿ ಕೇಳಿಸಿತು. ನಳಿನಿ ಆಗ ನಕ್ಕಳು. ಆದರೆ ಪ್ರಶ್ನೆ ದಿನವೂ ನಡೆಯಿತು. ಹೇಳಿದ್ದಕ್ಕೆಲ್ಲ ಅಜ್ಜಿ ಮುದ್ದಿಸುತ್ತಾರೆಂದು ತಿಳಿದ ಮಗು ದಿನಕ್ಕೊಂದು ಸೇರಿಸಿತು: ಕಪ್ಪು ಬೆಕ್ಕು, ಕತ್ತಲೆ ಕೋಣೆ, ಚಿಕ್ಕಿ ಹಾಕಿದ ಚಿಲಕ. ನಗುವಂಥದ್ದು ಏನೂ ಉಳಿಯಲಿಲ್ಲ. ಪದ್ಮಿನಿ ಮಗುವಿನ ತಟ್ಟೆಯನ್ನು ನಳಿನಿಯ ಕೈಯಿಂದ ತೆಗೆದುಕೊಂಡಳು.

“ಅಮ್ಮ ಹೋಗೋವರ್ಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊ,” ಎಂದ ಸಂದೀಪ. ಗಂಡಸರಿಗೆ ಅಡ್ಜಸ್ಟ್ ಎಂಬ ಪದ ಎಷ್ಟು ಸಲೀಸು!

ಭಾನುವಾರ ಪದ್ಮಿನಿಯ ತಂಗಿ ಶ್ರಾವಣಿ ಬಂದಳು. ಅದೇ ಊರಿನ ಯೂನಿವರ್ಸಿಟಿಯಲ್ಲಿ ಚರಿತ್ರೆ ಓದುವ ಹುಡುಗಿ. ವಿಷಯ ತಿಳಿದು ಕೆರಳಿದಳು.

“ಆಂಟಿ, ಮುನ್ನೂರೈವತ್ತು ವರ್ಷದ ಹಿಂದೆ ಇದೇ ದೇಶದಲ್ಲಿ ಮಕ್ಕಳನ್ನ ಹೀಗೇ ಕೇಳಿ ಕೇಳಿ, ಇದೇ ಬ್ಲೋಕುಲ್ಲಾ ಅಂತ ಹೇಳ್ಸಿ, ಎಷ್ಟೋ ಹೆಂಗಸರ ತಲೆ ಕಡಿದು ಸುಟ್ಟಿದಾರೆ!”

“ನೋಡಿದ್ಯಾ? ಸುಮ್ನೆ ಸುಡ್ತಾರಾ? ಅವ್ರ ದೇವರ ಗ್ರಂಥದಲ್ಲೇ ಇರ್ಬೇಕು.”

“ಇದೆ, ಸುಳ್ಳು ಯಾಕೆ ಹೇಳ್ಲಿ. ಮಾಟ ಮಾಡೋಳನ್ನ ಬದುಕೋಕೆ ಬಿಡಬೇಡಿ ಅನ್ನೋ ಹಳೇ ನಿಯಮ ಇದೆ. ಆದ್ರೆ ಇಬ್ಬರು ಮೂವರು ಸಾಕ್ಷಿ ಇಲ್ದೆ ಯಾರ ಜೀವನೂ ತೆಗೀಬೇಡಿ ಅಂತ್ಲೂ ಅದೇ ಗ್ರಂಥ ಹೇಳುತ್ತೆ. ಸುಳ್ಳು ಸಾಕ್ಷಿ ಪಾಪ ಅನ್ನುತ್ತೆ. ಸತ್ತವನನ್ನ ಕರೆಸೋ ಹೆಂಗಸೊಬ್ಬಳು ಅದ್ರಲ್ಲಿ ಬರ್ತಾಳೆ. ರಾಜನಿಗೆ ಊಟ ಹಾಕಿ ಕಳಿಸ್ತಾಳೆ, ಯಾರೂ ಅವಳನ್ನ ಸುಡಲ್ಲ. ಪಾಪ ಮಾಡದೋನು ಮೊದಲ ಕಲ್ಲು ಹೊಡೀಲಿ ಅಂದೋನು ಯೇಸು. ಪೊರಕೆ ಮೇಲೆ ಹಾರೋದಂತೂ ಎಲ್ಲೂ ಇಲ್ಲ. ಪಾದ್ರಿಗಳು ಒಂದು ಸಾಲು ಹಿಡ್ಕೊಂಡು ಮಿಕ್ಕಿದ್ದೆಲ್ಲ ಬಿಟ್ರು.”

“ಆ ಒಂದು ಸಾಲು ಇದೆ ತಾನೆ? ಸಾಕು.”

ಆ ಪಾದ್ರಿಗಳಿಗೂ ಅಷ್ಟೇ ಸಾಕಾಗಿತ್ತು.

ಪಾತ್ರೆ ತೊಳೆಯುವಾಗ ನಳಿನಿ ಅವಳನ್ನು ಮೆಲ್ಲಗೆ ಕೇಳಿದಳು. “ಆ ಹೆಂಗಸರು ಒಪ್ಕೊಂಡ್ರಾ?”

“ಕೆಲವ್ರು ಒಪ್ಕೊಂಡ್ರು ಅಕ್ಕ. ಎಲ್ಲರೂ ಹೇಳಿ ಹೇಳಿ, ಕೊನೆಗೆ ತಮ್ಮನ್ನ ತಾವೇ ನಂಬದೆ ಹೋದ್ರು.”

ಮೇ ತಿಂಗಳಲ್ಲಿ ಅಹನಾಗೆ ಮತ್ತೆ ಜ್ವರ, ಮತ್ತೆ ಫಿಟ್ಸ್. ಯೋಗೀಶ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಪದ್ಮಿನಿ ಹಿಂದೆಯೇ ಹೋಗಲು ಮಗುವಿನ ಬಟ್ಟೆ ತುಂಬಿಕೊಳ್ಳುತ್ತಿದ್ದಳು. ಅತ್ತೆ ನಳಿನಿಯ ಮುಂದೆ ನಿಂತು ಕೈಮುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

“ನಿಜ ಹೇಳ್ಬಿಡಮ್ಮ. ಮಗು ಉಳೀಲಿ.”

ನಳಿನಿ ಗಂಡನನ್ನು ನೋಡಿದಳು. ಅವನು ಮೊಬೈಲ್ ನೋಡುತ್ತಿದ್ದ. ಪದ್ಮಿನಿಯನ್ನು ನೋಡಿದಳು. ಪದ್ಮಿನಿ ಅಳುತ್ತಿದ್ದಳು, ಆದರೆ ಇಲ್ಲ ಎನ್ನಲಿಲ್ಲ. ಅಹನಾ ನನ್ನ ಹೊಟ್ಟೆಯಲ್ಲೇ ಹುಟ್ಟಬಾರದಿತ್ತೇ ಎಂದು ನಳಿನಿ ಎಷ್ಟು ಸಲ ಅಂದುಕೊಂಡಿಲ್ಲ? ಅದು ಆಸೆಯೋ, ಕೆಟ್ಟ ಕಣ್ಣೋ? ಯಾವ ಹೆಣ್ಣಿಗೂ ಆಸೆಯನ್ನು ಹೀಗೆ ತೂಗಿ ನೋಡಬೇಕಾಗಿ ಬರಬಾರದು.

“ಹೌದತ್ತೆ,” ಎಂದಳು. “ನಂದೇ ಕಣ್ಣಿರಬೇಕು.”

ಅತ್ತೆ ನಿಟ್ಟುಸಿರಿಟ್ಟರು.

ಕಿವಿಯ ಸೋಂಕು, ಔಷಧಿ ಕೊಟ್ಟಿದ್ದಾರೆ ಎನ್ನುತ್ತ ಯೋಗೀಶ ಮರುದಿನ ಮಗುವನ್ನು ಕರೆತಂದ. ಅಹನಾ ಅಜ್ಜಿಯ ಕೈ ಕೊಸರಿಕೊಂಡು ಬಂದು, ಎತ್ತಿಕೋ ಎಂದು ಚಿಕ್ಕಿಯ ಮುಂದೆ ತೋಳೆತ್ತಿ ನಿಂತಳು. ಯಾರೂ ತಡೆಯಲಿಲ್ಲ. ತಡೆದವಳು ನಳಿನಿಯೇ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒತ್ತಿಕೊಂಡು ಹೇಳಿದಳು:

“ಬೇಡ ಪುಟ್ಟೀ. ಚಿಕ್ಕೀನ ಮುಟ್ಟಬೇಡ.”