ಪನಾಯಿಸನ ಹೆಸರು

"ಹರಿತಿನಿ, ಲೊಯಿಝೋಸ್... ಹನ್ನೆರಡಾಯ್ತು. ಆಮೇಲೆ ಯಾರು, ಅತ್ತೆ?" ಸ್ಟಾಲೊ ಪೆನ್ನು ಹಿಡಿದು ಕಾದಳು.

ಮಾರುಲ್ಲಾ ಬೇಯಿಸಿದ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಆರಹಾಕುತ್ತಲೇ ಇದ್ದಳು. ನಾಳೆ ಸತ್ತವರನ್ನು ನೆನೆಯುವ ಆತ್ಮಗಳ ಶನಿವಾರ. ಸೈಪ್ರಸ್ ಬಿಟ್ಟು ಬಂದು ನೆಲೆಸಿದ ಥಾಮಸ್‌ಟೌನಿನ ಚರ್ಚಿಗೆ ಗೋಧಿಯ ತಟ್ಟೆಯೊಂದಿಗೆ ಸತ್ತವರ ಹೆಸರಿನ ಚೀಟಿಯೂ ಹೋಗಬೇಕು. ಪಾದ್ರಿಗಳು ಹೆಸರನ್ನಷ್ಟೇ ಓದುತ್ತಾರೆ, ಯಾರಿಗೆ ಏನಾಗಿತ್ತೆಂದು ಕೇಳುವುದಿಲ್ಲ. ನಲವತ್ತು ವರ್ಷ ಆ ಚೀಟಿಯನ್ನು ಮಾರುಲ್ಲಾ ತಾನೇ ಬರೆದು, ತಾನೇ ಮಡಚಿ ಕೊಟ್ಟಿದ್ದಳು. ಈ ಸಲ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಸೊಸೆ ಬರೆಯಬೇಕಾಯಿತು.

"ಅಷ್ಟೇ ಕಣೆ."

"ಅಷ್ಟೇನಾ? ಹೋದ ವರ್ಷ ನಿಮ್ಮ ಚೀಟಿ ಓದಿ ಮುಗಿಯೋಷ್ಟರಲ್ಲಿ ನನಗೆ ಕಾಲುನೋವು ಬಂದಿತ್ತು. ಅರ್ಧ ಸೈಪ್ರಸ್ಸನ್ನೇ ಹೂತು ಬಂದಿದಾರೇನೋ ಅಂದ್ಕೊಂಡಿದ್ದೆ."

ಪಕ್ಕದ ಕೋಣೆಯಲ್ಲಿ ಆರು ವರ್ಷದ ಇಸ್ಮಿನಿ ಟೀವಿಯೆದುರು ಮಲಗಿದ್ದಳು. ತಿಂಗಳಿಗೊಮ್ಮೆ ರಕ್ತ ಹಾಕಿಸುವ ದಿನ ಹತ್ತಿರ ಬಂದಾಗಲೆಲ್ಲ ಮಗು ಹೀಗೇ ಬಿಳಿಚಿಕೊಂಡು ಬಿದ್ದಿರುತ್ತಿತ್ತು.

ಸ್ಟಾಲೊ ಬಸುರಿಯಾಗಿದ್ದಾಗ ಅವಳ ರಕ್ತದಲ್ಲಿ ಥಲಸ್ಸೇಮಿಯಾದ ಗುರುತು ಸಿಕ್ಕಿತ್ತು. ತಂದೆ ತಾಯಿ ಇಬ್ಬರ ರಕ್ತದಲ್ಲೂ ಆ ಗುರುತಿದ್ದರೆ ಮಗುವಿಗೆ ರೋಗ ಬರಬಹುದು; ಗಂಡನ ರಕ್ತವನ್ನೂ ನೋಡಬೇಕಿತ್ತು, ಕ್ಲಿನಿಕ್ಕಿನವರು ನೋಡಲಿಲ್ಲ. ಅದರ ಮೇಲೆಯೇ ದಾವೆ. ಗೆದ್ದರೆ ಮಗುವಿನ ಜೀವಮಾನದ ಆರೈಕೆಗೆ ಒಂದು ದಾರಿ. 'ಗಂಡನ ಕಡೆ ಯಾರಿಗಾದರೂ ಈ ರೋಗವಿತ್ತೇ ಎಂದು ಕೇಳಿದ್ದೆವು, ಇಲ್ಲವೆಂದರು' ಎಂಬುದು ಕ್ಲಿನಿಕ್ಕಿನವರ ವಾದ. ಹಾಗಾಗಿ, ಆ ಉತ್ತರ ಸುಳ್ಳಲ್ಲ, ಮನೆತನದಲ್ಲಿ ಅದು ನಿಜಕ್ಕೂ ಯಾರಿಗೂ ಇರಲಿಲ್ಲವೆಂದು ಸೋಮವಾರ ವಕೀಲೆಯ ಮುಂದೆ ಮಾರುಲ್ಲಾ ಸಹಿ ಹಾಕಬೇಕಿತ್ತು.

ಅವತ್ತು ಇಲ್ಲವೆಂದವಳೂ ಅವಳೇ. ಫಾರಂ ತುಂಬುತ್ತ ಸ್ಟಾಲೊ ಕೇಳಿದಾಗ, "ನಮ್ಮದು ಊಟೆ ನೀರಿನಂಥ ಶುದ್ಧ ರಕ್ತ" ಎಂದುಬಿಟ್ಟಿದ್ದಳು. ಸೈಪ್ರಸ್ಸಿನ ಊರಿನಲ್ಲಿ ರೋಗವಿದ್ದ ಮನೆಯ ಹೆಣ್ಣನ್ನು ಯಾರೂ ತರುತ್ತಿರಲಿಲ್ಲ. ಮಾರುಲ್ಲಾಳ ತಾಯಿ ಸುಳ್ಳು ಹೇಳಿಯೇ ಅವಳ ಮದುವೆ ಮಾಡಿ ದಡ ಸೇರಿಸಿದ್ದಳು. ಆ ಸುಳ್ಳು ನಾಲಿಗೆಗೆ ರೂಢಿಯಾಗಿಹೋಗಿತ್ತು.

ಆದರೆ ಪನಾಯಿಸನನ್ನು ನೆನೆಯುವವರು ಈಗ ಅವಳೊಬ್ಬಳೇ.

"ಇನ್ನೊಂದಿದೆ," ಎಂದಳು. "ಪನಾಯಿಸ್ ಅಂತ ಬರಿ."

"ಯಾರಿವರು?"

"ನನ್ನ ತಮ್ಮ."

"ತಮ್ಮ ಇದ್ರಾ? ಇಷ್ಟು ವರ್ಷ ಬಾಯೇ ಬಿಟ್ಟಿಲ್ವಲ್ಲ!" ಸ್ಟಾಲೊ ನಗುತ್ತ ಬರೆದಳು. "ಯಾಕೆ, ಕುಡುಕನಾ?"

"ಏಳು ವರ್ಷಕ್ಕೆ ಹೋದ." ಮಾರುಲ್ಲಾಳ ಕೈ ಗೋಧಿಯ ಮೇಲೇ ನಿಂತಿತು. "ಹೊಟ್ಟೆ ಊದಿತ್ತು. ಮುಖ ಮೇಣದ ಹಾಗಿತ್ತು."

ಸ್ಟಾಲೊ ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿದಳು.

"ನಾನು ಕೇಳಿದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಇದೇ ಮೇಜಿನ ಹತ್ರ ನಿಂತು ಕೇಳಿದ್ದೆ."

"ಬೈಯೇ. ಬೇಕಾದ್ರೆ ಎರಡು ಬಾರಿಸು. ಆ ವಕೀಲಮ್ಮನಿಗೂ ಹೇಳ್ತೀನಿ. ಕೇಸು ಬಿದ್ರೆ ಈ ಮುದುಕಿಯಿಂದ ಅಂತ ಚರ್ಚಿನಲ್ಲೆಲ್ಲ ಸಾರು."

ಸ್ಟಾಲೊ ಬೈಯಲಿಲ್ಲ. ಬೈದಿದ್ದರೆ ಮಾರುಲ್ಲಾಗೆ ತಲೆಯೆತ್ತಲಾದರೂ ಆಗುತ್ತಿತ್ತು.

"ನಾನು ಏನಂತ ಸಹಿ ಹಾಕಿದೀನಿ ಗೊತ್ತಾ?" ಸೊಸೆಯ ದನಿ ತೀರ ತಗ್ಗಿತ್ತು. "ಮೊದಲೇ ಗೊತ್ತಿದ್ರೆ ಈ ಮಗೂನ ಇಟ್ಕೊಳ್ತಿರಲಿಲ್ಲ ಅಂತ. ಹಾಗೆ ಬರೀದಿದ್ರೆ ದಾವೆ ನಿಲ್ಲೋದಿಲ್ವಂತೆ. ನಿಜಾನೋ ಸುಳ್ಳೋ ನನಗೇ ಗೊತ್ತಿಲ್ಲ ಅತ್ತೆ. ಹಾಕಿಬಿಟ್ಟೆ."

ಇಸ್ಮಿನಿ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಇಬ್ಬರೂ ಅವಳ ಮುಖ ನೋಡಲಿಲ್ಲ.

"ಏನು ಬರೀತಿದೀಯಮ್ಮ?"

"ಚರ್ಚಿಗೆ. ಹೆಸರುಗಳು."

"ನನ್ನ ಹೆಸರೂ ಬರಿ."

ಸ್ಟಾಲೊ ಆ ಚೀಟಿಯನ್ನು ಬೋರಲು ಹಾಕಿ ಬೇರೊಂದು ಹಾಳೆ ಎಳೆದುಕೊಂಡಳು. ಮೇಲೆ 'ಬದುಕಿರುವವರು' ಎಂದು ಬರೆದು, ಅದರ ಕೆಳಗೆ ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಳು. ಎರಡನೆಯ ಸಾಲಿಗೆ, ಅತ್ತೆಯ ಹೆಸರು ಬರಬೇಕಾದಲ್ಲಿಗೆ ಬಂದು ಪೆನ್ನು ನಿಂತಿತು.

ಮಾರುಲ್ಲಾ ಮತ್ತೆ ಗೋಧಿ ಹರಡತೊಡಗಿದಳು.